ಹೊಸ ಹಡಗು ಬರಲಿ, ಹಳೇ ಮೇಜು ಇರಲಿ

(ವಿಜ್ಞಾನ ಕಥೆ ಇಷ್ಟಪಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ, ಮಾತಿನ ಧಾಟಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಬಾಹ್ಯಾಕಾಶ ಕಥಾಸರಣಿಯ ಅಭಿಮಾನಿಗಳಿಗೆ ಒಂದು ಖಾಯಂ ಕೆಲಸವಿದೆ. ಕಾಯುವುದು. 2009ರಲ್ಲಿ ಶುರುವಾದ ಹೊಸ ಸಿನಿಮಾ ಸರಣಿಯ ಮೂರನೇ ಚಿತ್ರ 2016ರಲ್ಲಿ ಬಂತು. ನಾಲ್ಕನೆಯದು ಬರುತ್ತದೆ ಅಂತ ಅದೇ ವರ್ಷ ಹೇಳಿಯೂ ಬಿಟ್ಟರು. ಆಮೇಲೆ ಒಬ್ಬ ನಿರ್ದೇಶಕಿ ಬಂದರು, ಹೋದರು. ಇನ್ನೊಬ್ಬ ನಿರ್ದೇಶಕರು ಬಂದರು, ಅವರೂ ಹೋದರು. ಮತ್ತೊಬ್ಬರದ್ದೂ ಅದೇ ಕಥೆ. 2025ರ ಆಗಸ್ಟ್‌ನಲ್ಲಿ ಸ್ಟಾರ್ ಟ್ರೆಕ್‌ನ ಒಡೆತನವಿರುವ ಪ್ಯಾರಮೌಂಟ್ ಕಂಪನಿಯೇ ಸ್ಕೈಡ್ಯಾನ್ಸ್ ಅನ್ನುವ ಇನ್ನೊಂದು ಕಂಪನಿ ಜೊತೆ ಸೇರಿ ಹೊಸ ಯಜಮಾನರ ಕೈಗೆ ಹೋಯಿತು. ಯಜಮಾನರು ಬದಲಾದರೆ ಮೊದಲು ಬರುವ ಮಾತು ಯಾವುದು ಅಂತ ನಿಮಗೆ ಗೊತ್ತು: ‘ಎಲ್ಲಾ ಮೊದಲಿಂದ ಶುರು ಮಾಡೋಣ.’

ರೀಬೂಟ್ ಅಂದರೆ ಅದೇ ತಾನೆ? ಹೆಸರು ಹಳೆಯದು, ಉಳಿದದ್ದೆಲ್ಲ ಹೊಸದು. ನಟರು, ಹಡಗು, ಸಮವಸ್ತ್ರ, ಕೆಲವು ಸಲ ಕಥೆಯ ಇತಿಹಾಸವೂ ಹೊಸದು. ಇದರ ಬಗ್ಗೆ ಹಳೆಯ ಅಭಿಮಾನಿಗೆ ಏನನ್ನಿಸುತ್ತದೆ, ಹೇಳಿ ಅಂತ ಸಂಘಟಕರು ಕೇಳಿದರು. ‘ಹಳೆಯ’ ಅನ್ನುವ ಮಾತನ್ನು ನನ್ನ ತಲೆಗೂದಲು ನೋಡಿಯೇ ಹೇಳಿದ್ದಾರೆ ಅನ್ನಿಸುತ್ತದೆ. ಇರಲಿ.

ಎರಡು ಮಾತಿನಲ್ಲಿ ಹಿನ್ನೆಲೆ ಹೇಳಿಬಿಡುತ್ತೇನೆ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಸ್ಟಾರ್ ಟ್ರೆಕ್ ಶುರುವಾಯಿತು. ಮೂರು ಸೀಸನ್, 79 ಕಂತು. 1969ಕ್ಕೆ ನಿಂತುಹೋಯಿತು. ಭೂಮಿಯ ಮನುಷ್ಯರೂ ಬೇರೆ ಗ್ರಹಗಳವರೂ ಸೇರಿ ಕಟ್ಟಿದ ಒಂದು ಒಕ್ಕೂಟ. ಅದರ ನೌಕೆ ಎಂಟರ್‌ಪ್ರೈಸ್. ಅದು ಊರೂರು ಸುತ್ತಿದ ಹಾಗೆ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತದೆ. ನಾಯಕ ಕರ್ಕ್, ಜೊತೆಗೆ ಚೂಪು ಕಿವಿಯ ಸ್ಪಾಕ್, ಸಿಡುಕು ಡಾಕ್ಟರ್ ಮೆಕಾಯ್. ನಮ್ಮಲ್ಲಿ ನನ್ನ ವಯಸ್ಸಿನವರು ಇದನ್ನು ಮೊದಲು ನೋಡಿದ್ದು 1980ರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಬೆಳಗ್ಗೆ. ಬೀದಿಗೆ ಒಂದೋ ಎರಡೋ ಟಿವಿ ಇದ್ದ ಕಾಲ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿರಲಿಲ್ಲ. ಸ್ಪಾಕ್ ಹುಬ್ಬು ಏರಿಸಿದರೆ ಅರ್ಥವಾಗುತ್ತಿತ್ತು, ಅಷ್ಟು ಸಾಕಾಗಿತ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ರೀಬೂಟ್ ಅಂದ ಕೂಡಲೇ ಅಭಿಮಾನಿಗಳು ಮೂಗು ಮುರಿಯುತ್ತಾರೆ. ‘ಮೂಲವನ್ನು ಮುಟ್ಟಬೇಡಿ’ ಅನ್ನುತ್ತಾರೆ. ಸರಿ, ಯಾವ ಮೂಲ? ಸ್ಟಾರ್ ಟ್ರೆಕ್ ಪ್ರಸಾರವಾಗುವ ಮುಂಚೆಯೇ ಒಂದು ಸಲ ರೀಬೂಟ್ ಆಗಿತ್ತು!

1964ರ ಕೊನೆಯಲ್ಲಿ ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬರಿ ಒಂದು ಮಾದರಿ ಕಂತು ಚಿತ್ರೀಕರಿಸಿದರು. ಅದರಲ್ಲಿ ಕರ್ಕ್ ಇಲ್ಲ. ನಾಯಕನ ಹೆಸರು ಪೈಕ್. ಅವನ ನಂತರದ ಸ್ಥಾನದಲ್ಲಿ ಒಬ್ಬ ಹೆಂಗಸು. ಅವಳನ್ನು ‘ನಂಬರ್ ಒನ್’ ಅಂತಲೇ ಕರೆಯುತ್ತಾರೆ. ತಣ್ಣಗಿನ ಸ್ವಭಾವ, ಚುರುಕು ಬುದ್ಧಿ, ಮುಖದಲ್ಲಿ ಭಾವನೆ ಕಾಣುವುದಿಲ್ಲ. ಮೇಜಲ್ ಬ್ಯಾರೆಟ್ ಆ ಪಾತ್ರ ಮಾಡಿದ್ದರು. ಸ್ಪಾಕ್ ಕೂಡ ಇದ್ದ. ಆದರೆ ಆ ಸ್ಪಾಕ್ ನಗುತ್ತಾನೆ, ಕಿರುಚುತ್ತಾನೆ! ಈಗ ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಈ ಕಂತು ತಲೆಗೆ ಜಾಸ್ತಿ ಕೆಲಸ ಕೊಡುತ್ತದೆ ಅಂತ ಚಾನೆಲ್‌ನವರು ಒಪ್ಪಲಿಲ್ಲ ಎಂದು ರಾಡನ್‌ಬರಿ ಹೇಳುತ್ತಿದ್ದರು. ಎರಡನೇ ಮಾದರಿ ಕಂತು ಮಾಡಿ ಅಂದರು. ಪೈಕ್ ಹೋದ, ಕರ್ಕ್ ಬಂದ. ನಂಬರ್ ಒನ್ ಕೂಡ ಹೋದಳು. ಆ ನಟಿಯನ್ನು ಆಮೇಲೆ ನರ್ಸ್ ಪಾತ್ರಕ್ಕೆ ಇಳಿಸಿದರು. ಅವಳ ತಣ್ಣಗಿನ ಸ್ವಭಾವ ಮಾತ್ರ ಹಡಗಿನಲ್ಲೇ ಉಳಿಯಿತು. ಅದನ್ನು ಎತ್ತಿ ಸ್ಪಾಕ್‌ಗೆ ಕೊಟ್ಟರು.

ಅಂದರೆ ನಾವೆಲ್ಲ ತಲೆ ಮೇಲೆ ಹೊತ್ತು ಕುಣಿಯುವ ಸ್ಪಾಕ್ ಹುಟ್ಟಿದ್ದೇ ರೀಬೂಟ್‌ನಿಂದ. ಇದನ್ನು ನೆನಪಿನಲ್ಲಿಡಿ. ಆ ಹೆಂಗಸಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಅಭಿಮಾನಿಗಳ ಭಯಕ್ಕೂ ಒಂದು ಇತಿಹಾಸ ಇದೆ. ನಮ್ಮ ಜನಕ್ಕೆ ದೊಡ್ಡ ಹೆಮ್ಮೆಯ ಕಥೆಯೊಂದಿದೆ. ಎರಡನೇ ಸೀಸನ್‌ಗೇ ಧಾರಾವಾಹಿ ನಿಲ್ಲುತ್ತದೆ ಅನ್ನುವ ಸುದ್ದಿ ಬಂದಾಗ ಬೀಜೋ ಟ್ರಿಂಬಲ್, ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ಶುರು ಮಾಡಿದರು. ಚಾನೆಲ್‌ಗೆ ಮೂಟೆಗಟ್ಟಲೆ ಕಾಗದ ಬಂತು. 1968ರ ಮಾರ್ಚ್ 1ರಂದು ‘ಧಾರಾವಾಹಿ ಮುಂದುವರಿಯುತ್ತದೆ’ ಅಂತ ಟಿವಿಯಲ್ಲೇ ಘೋಷಿಸಬೇಕಾಯಿತು. 1976ರಲ್ಲಿ ಮತ್ತೆ ಪತ್ರ ಬರೆದು, ನಾಸಾದ ಮೊದಲ ಶಟಲ್‌ಗೆ ಎಂಟರ್‌ಪ್ರೈಸ್ ಅಂತ ಹೆಸರು ಇಡಿಸಿದರು. ಅದು ಪರೀಕ್ಷೆಗೆ ಮಾತ್ರ ಬಳಕೆಯಾಯಿತು, ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ಆದರೂ ಹೆಸರು ಹೆಸರೇ ಅಲ್ವಾ!

ಇದೇ ಜನ 1982ರಲ್ಲಿ ಏನು ಮಾಡಿದರು? ಹಳೆಯ ತಂಡದ ಎರಡನೇ ಸಿನಿಮಾದಲ್ಲಿ ಸ್ಪಾಕ್ ಸಾಯುತ್ತಾನಂತೆ ಅನ್ನುವ ಸುದ್ದಿ ಸೋರಿತು. ಸಿಟ್ಟಿನ ಪತ್ರಗಳ ಮಳೆ. ನಿರ್ದೇಶಕ ನಿಕೊಲಸ್ ಮೇಯರ್ ಹೊರಗಿನವರು. ಅಲ್ಲಿಯವರೆಗೆ ಸ್ಟಾರ್ ಟ್ರೆಕ್ ನೋಡಿದವರೇ ಅಲ್ಲ. ಅವರು ಜಾಣತನ ಮಾಡಿದರು. ಸಿನಿಮಾ ಶುರುವಿನಲ್ಲೇ, ಒಂದು ತರಬೇತಿ ಪರೀಕ್ಷೆಯಲ್ಲಿ, ಸ್ಪಾಕ್ ಸತ್ತ ಹಾಗೆ ತೋರಿಸಿದರು. ಓ, ಇದೇನಾ ಸುದ್ದಿ ಅಂತ ಪ್ರೇಕ್ಷಕರು ನಿಟ್ಟುಸಿರು ಬಿಟ್ಟರು. ಕೊನೆಯಲ್ಲಿ ನಿಜವಾಗಿ ಸಾಯಿಸಿದರು. ಇವತ್ತು ಯಾವ ಅಭಿಮಾನಿಯನ್ನು ಬೇಕಾದರೂ ಕೇಳಿ, ಅತ್ಯುತ್ತಮ ಸ್ಟಾರ್ ಟ್ರೆಕ್ ಸಿನಿಮಾ ಯಾವುದು ಅಂದರೆ ಹೆಚ್ಚಿನವರು ಅದನ್ನೇ ಹೇಳುತ್ತಾರೆ.

1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಬಂತು. ಕರ್ಕ್ ಇಲ್ಲದ, ಸ್ಪಾಕ್ ಇಲ್ಲದ ಸ್ಟಾರ್ ಟ್ರೆಕ್! ಬೋಳು ತಲೆಯ ಇಂಗ್ಲಿಷ್ ರಂಗಭೂಮಿ ನಟನೊಬ್ಬ ನಾಯಕ ಪಿಕಾರ್ಡ್! ಮತ್ತೆ ಗಲಾಟೆ. ಇದು ಹೆಚ್ಚು ದಿನ ನಡೆಯಲ್ಲ ಅಂತ ಎಲ್ಲರೂ ಹೇಳಿದ್ದರಿಂದ ಸೂಟ್‌ಕೇಸ್ ಕೂಡ ಪೂರ್ತಿ ಬಿಚ್ಚಿರಲಿಲ್ಲ ಎಂದು ಆ ನಟ ಪ್ಯಾಟ್ರಿಕ್ ಸ್ಟೀವರ್ಟ್ ಅವರೇ ಹೇಳಿಕೊಂಡಿದ್ದಾರೆ. ಅದು ಏಳು ಸೀಸನ್, 178 ಕಂತು ನಡೆಯಿತು.

ಹೀಗಾಗಿ ಅಭಿಮಾನಿಯ ಭಯವನ್ನು ನಂಬಿ ಯಾರಾದರೂ ಧಾರಾವಾಹಿ ಮಾಡಿದರೆ ಕಷ್ಟ. ಅಭಿಮಾನಿಗೆ ಕಳೆದುಕೊಳ್ಳುವುದರ ಲೆಕ್ಕ ಚೆನ್ನಾಗಿ ಗೊತ್ತು. ಇನ್ನೂ ಸಿಕ್ಕದೇ ಇರುವುದರ ಲೆಕ್ಕ ಅವನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಷಯ. ವಿಜ್ಞಾನ ಕಥೆಗೆ ರೀಬೂಟ್ ಬೇಕೇ ಬೇಕು. ಪೌರಾಣಿಕ ಕಥೆಗೆ ವಯಸ್ಸಾಗುವುದಿಲ್ಲ, ಮುಂದಿನ ಕಾಲದ ಕಥೆಗೆ ಆಗುತ್ತದೆ. 1967ರ ಒಂದು ಕಂತಿನಲ್ಲಿ ಖಾನ್ ನೂನಿಯನ್ ಸಿಂಗ್ ಅನ್ನುವ ಪಾತ್ರ ಬಂತು. ವಂಶವಾಹಿಗಳನ್ನು ತಿದ್ದಿ ಹುಟ್ಟಿಸಿದ ಮಹಾಮಾನವ. ಭೂಮಿಯ ಕಾಲು ಭಾಗವನ್ನು ಆಳಿದವನು. ಯಾವಾಗ? 1990ರ ದಶಕದಲ್ಲಂತೆ! ಬರೆದವರಿಗೆ ಅದು ದೂರದ ಮಾತು. ನಮಗೆ ಅದು ಕೇಬಲ್ ಟಿವಿ ಬಂದ ಕಾಲ. ಖಾನ್ ಬರಲಿಲ್ಲ, ಕೇಬಲ್ ಬಂತು. 2023ರ ಒಂದು ಕಂತಿನಲ್ಲಿ ಇದಕ್ಕೊಂದು ತೇಪೆ ಹಾಕಿದರು. ಕಾಲಪ್ರಯಾಣಿಕರು ಇತಿಹಾಸದಲ್ಲಿ ಕೈಯಾಡಿಸಿ ಖಾನ್ ಹುಟ್ಟಿದ್ದು ಮುಂದಕ್ಕೆ ಹೋಯಿತು ಅಂದರು. ತೇಪೆ ಚೆನ್ನಾಗಿಯೇ ಇದೆ. ಆದರೆ ಎಷ್ಟು ಅಂತ ತೇಪೆ ಹಾಕುವುದು? ಈ ಕಥಾಲೋಕದ ಪ್ರಕಾರ ಮನುಷ್ಯರಿಗೂ ಬೇರೆ ಗ್ರಹದವರಿಗೂ ಮೊದಲ ಭೇಟಿ ಆಗುವುದು 2063ರಲ್ಲಿ. ಅದಕ್ಕೂ ಮುಂಚೆ ಮೂರನೇ ಮಹಾಯುದ್ಧ ಮುಗಿದಿರಬೇಕು. ಈ ಕೋಣೆಯಲ್ಲಿರುವ ಚಿಕ್ಕವರು 2063ನ್ನು ನೋಡುತ್ತೀರಿ. ಯುದ್ಧದ ವಿಷಯದಲ್ಲಿ ಬರೆದವರ ಲೆಕ್ಕ ತಪ್ಪಲಿ ಅಂತಲೇ ಆಸೆ.

ಈಗ 2009ಕ್ಕೆ ಬರೋಣ. ನಿರ್ದೇಶಕ ಜೆ.ಜೆ. ಏಬ್ರಮ್ಸ್. ತಾನು ಸ್ಟಾರ್ ಟ್ರೆಕ್‌ಗಿಂತ ಸ್ಟಾರ್ ವಾರ್ಸ್ ಅಭಿಮಾನಿ ಅಂತ ಬಹಿರಂಗವಾಗಿ ಹೇಳಿಕೊಂಡವರು. ನಮ್ಮವರಿಗೆ ಹೇಗಾಗಿರಬೇಡ! ಆದರೆ ಆ ಸಿನಿಮಾದ ಒಂದು ಉಪಾಯ ನಿಜಕ್ಕೂ ಸೊಗಸಾಗಿತ್ತು. ಭವಿಷ್ಯದಿಂದ ಒಬ್ಬ ಖಳ ಹಿಂದಕ್ಕೆ ಬರುತ್ತಾನೆ. ಕರ್ಕ್ ಹುಟ್ಟುವ ಗಳಿಗೆಯಲ್ಲೇ ಅವನ ಅಪ್ಪ ಸಾಯುತ್ತಾನೆ. ಅಲ್ಲಿಂದ ಕಾಲ ಬೇರೆ ದಾರಿ ಹಿಡಿಯುತ್ತದೆ. ಹಳೆಯ ಕಥೆ ಅದರ ಪಾಡಿಗೆ ಇರುತ್ತದೆ, ಯಾರೂ ಅಳಿಸುವುದಿಲ್ಲ. ಹೊಸ ಕಥೆಯಲ್ಲಿ ಏನು ಬೇಕಾದರೂ ಆಗಬಹುದು. ಏನು ಬೇಕಾದರೂ ಅಂದರೆ ಸುಮ್ನೆ ಅಲ್ಲ. ಸ್ಪಾಕ್‌ನ ತಾಯ್ನೆಲ ವಲ್ಕನ್ ಗ್ರಹವೇ ನಾಶವಾಗುತ್ತದೆ. ಆರು ನೂರು ಕೋಟಿ ಜೀವ ಹೋಗುತ್ತದೆ. ಹಳೆಯ ಸ್ಪಾಕ್ ಆಗಿ ಲೆನಾರ್ಡ್ ನಿಮೊಯ್ ಅವರೇ ಬಂದು ಹೊಸಬನ ಹೆಗಲ ಮೇಲೆ ಕೈಯಿಟ್ಟ ಹಾಗೆ ಆಯಿತು. ಇಷ್ಟು ಮರ್ಯಾದೆಯಿಂದ ಯಾರೂ ರೀಬೂಟ್ ಮಾಡಿದ್ದನ್ನು ನಾನು ನೋಡಿಲ್ಲ.

ಆ ಸಿನಿಮಾ ಬಂದಾಗ ಅಮೆರಿಕದ ಒಂದು ಹಾಸ್ಯ ಪತ್ರಿಕೆ ವಿಡಿಯೋ ಮಾಡಿತ್ತು. ‘ಹೊಸ ಸಿನಿಮಾ ಮಜವಾಗಿದೆ, ನೋಡುವ ಹಾಗಿದೆ ಎಂದು ಅಭಿಮಾನಿಗಳ ದೂರು’ ಅನ್ನುವ ಅರ್ಥದ ಸುಳ್ಳು ಸುದ್ದಿ. ನಕ್ಕೂ ನಕ್ಕೂ ಸಾಕಾಯಿತು, ಯಾಕೆಂದರೆ ನನ್ನ ದೂರೂ ಹೆಚ್ಚು ಕಡಿಮೆ ಅದೇ ಆಗಿತ್ತು. ಓಟ ಇತ್ತು, ಹೊಡೆದಾಟ ಇತ್ತು, ಕ್ಯಾಮೆರಾಕ್ಕೆ ಬೆಳಕು ಹೊಡೆಯುವುದಂತೂ ವಿಪರೀತ ಇತ್ತು. ಎಂಜಿನ್ ಕೋಣೆಯನ್ನು ಒಂದು ಬಿಯರ್ ಕಾರ್ಖಾನೆಯಲ್ಲಿ ಚಿತ್ರೀಕರಿಸಿದ್ದರು, ಅದೂ ನಡೆಯಿತು. ಆದರೆ ಇಡೀ ಸಿನಿಮಾದಲ್ಲಿ ಯಾರೂ ಕೂತು ಯೋಚಿಸುವುದಿಲ್ಲ. ತರಬೇತಿಯಲ್ಲಿದ್ದ ಹುಡುಗ ಸಿನಿಮಾ ಮುಗಿಯುವಷ್ಟರಲ್ಲಿ ಹಡಗಿನ ನಾಯಕ! ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಡ್ತಿಗೆ ಕಾಯುವವರು ಆ ಸಿನಿಮಾ ನೋಡಬಾರದು.

ಆದರೂ ನಾನು ಖುಷಿಯಿಂದಲೇ ಹೊರಬಂದೆ. ಬಾಗಿಲು ತೆರೆದಿದ್ದಾರೆ, ಇನ್ನು ಹೊಸ ಕಡೆಗೆ ಹೋಗುತ್ತಾರೆ ಅಂದುಕೊಂಡೆ.

ಹೋದದ್ದು ಎಲ್ಲಿಗೆ? 2013ರಲ್ಲಿ ಎರಡನೇ ಸಿನಿಮಾ ಬಂತು. ವಿಲನ್ ಯಾರು ಅಂತ ಬಿಡುಗಡೆಯವರೆಗೂ ಮುಚ್ಚಿಟ್ಟರು. ಖಾನ್ ಅಲ್ಲ, ಖಾನ್ ಅಲ್ಲ ಅಂದರು. ಖಾನ್ ಆಗಿದ್ದ, 1982ರ ಸಿನಿಮಾದ ವಿಲನ್ ಕೂಡ ಅವನೇ. 1982ರ ಸಿನಿಮಾದಲ್ಲಿ ವಿಕಿರಣ ತುಂಬಿದ ಕೋಣೆಯೊಳಗೆ ಸ್ಪಾಕ್ ಸಾಯುತ್ತಾನೆ, ಗಾಜಿನ ಆಚೆ ಕರ್ಕ್ ನಿಂತಿರುತ್ತಾನೆ. ಇಲ್ಲಿ ಕರ್ಕ್ ಒಳಗೆ, ಸ್ಪಾಕ್ ಆಚೆ. ಹಳೆಯದರಲ್ಲಿ ಕರ್ಕ್ ‘ಖಾನ್’ ಅಂತ ಕೂಗುತ್ತಾನೆ. ಇಲ್ಲಿ ಸ್ಪಾಕ್ ಕೂಗುತ್ತಾನೆ. ಅಷ್ಟೇ ವ್ಯತ್ಯಾಸ. 1982ರ ಸಾವಿನ ಹಿಂದೆ ಇಬ್ಬರ ಎಷ್ಟೋ ವರ್ಷಗಳ ಗೆಳೆತನ ಇತ್ತು. 2013ರವರಿಗೆ ಪರಿಚಯವಾಗಿ ಎಷ್ಟು ದಿನ ಆಗಿತ್ತು? ಕಣ್ಣೀರನ್ನು ಹಳೆಯ ಸಿನಿಮಾದಿಂದ ಸಾಲ ತಂದಿದ್ದರು. ಅದಕ್ಕೇ ಕರ್ಕ್ ಕೆಲವೇ ನಿಮಿಷದಲ್ಲಿ ಎದ್ದು ಕೂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಖಾನ್ ಪಾತ್ರದ ಬಗ್ಗೆ ನಮಗೆ, ಭಾರತದವರಿಗೆ, ಇನ್ನೊಂದು ತಕರಾರೂ ಇದೆ. 1967ರ ಕಂತಿನಲ್ಲಿ ಅವನನ್ನು ಮೊದಲು ನೋಡಿದ ಇತಿಹಾಸಕಾರ್ತಿ, ಉತ್ತರ ಭಾರತದವನು, ಬಹುಶಃ ಸಿಖ್ ಅನ್ನುತ್ತಾಳೆ. ಹೆಸರೋ, ಖಾನ್, ಸಿಂಗ್, ನಡುವೆ ನೂನಿಯನ್, ಯಾವ ಊರಿನ ಹೆಸರು ಅಂತ ಕೇಳಬೇಡಿ. ಪಾತ್ರ ಮಾಡಿದವರು ಮೆಕ್ಸಿಕೊದ ರಿಕಾರ್ಡೊ ಮೊಂಟಾಲ್ಬಾನ್. 1967ರಲ್ಲಿ ಹಾಲಿವುಡ್‌ನಿಂದ ಅದಕ್ಕಿಂತ ಜಾಸ್ತಿ ಕೇಳುವ ಹಾಗಿರಲಿಲ್ಲ. ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ ನಾವು ಮಾಫಿ ಮಾಡಿದೆವು. ಆದರೆ 2013ರಲ್ಲಿ? ಬೆನೆಡಿಕ್ಟ್ ಕಂಬರ್‌ಬ್ಯಾಚ್. ಒಳ್ಳೆಯ ನಟ, ಬೇಡ ಅನ್ನುವುದಿಲ್ಲ. ಸಿಂಗ್ ಅನ್ನುವ ಹೆಸರಿಗೆ ಅಷ್ಟು ಬಿಳಿಯ ಇಂಗ್ಲಿಷ್ ಮುಖ! 46 ವರ್ಷದಲ್ಲಿ ಮುಂದೆ ಹೋಗಬೇಕಾದವರು ಹಿಂದೆ ಹೋಗಿದ್ದರು. 1979ರ ಮೊದಲ ಸಿನಿಮಾದಲ್ಲೇ ಮುಂಬೈನ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಮುಖ್ಯ ಪಾತ್ರವೊಂದನ್ನು ಮಾಡಿದ್ದರು. ನಮ್ಮವರು ಸಿಗುವುದಿಲ್ಲ ಅನ್ನುವ ಮಾತಿಗೆ ಅರ್ಥವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಖಾನ್ ಬಗ್ಗೆ ಒಂದು ಆಡಿಯೋ ಸರಣಿ ಬಂತು. ಅದರಲ್ಲಿ ಖಾನ್‌ಗೆ ದನಿ ಕೊಟ್ಟವರು ಕೇರಳ ಮೂಲದ ತಂದೆತಾಯಿಯ ಮಗ, ಬ್ರಿಟಿಷ್ ನಟ ನವೀನ್ ಆಂಡ್ರ್ಯೂಸ್. ಕೊನೆಗೂ ದನಿ ಸಿಕ್ಕಿತು. ಮುಖ ಕಾಣದ ಸರಣಿಯಲ್ಲಿ.

ನನ್ನ ಭಯ ಏನು ಅಂತ ಈಗ ಹೇಳಬಹುದು. ಹೊಸಬರು ಬದಲಾಯಿಸುತ್ತಾರೆ ಅಂತ ನನಗೆ ಭಯವಿಲ್ಲ. ನನ್ನಂಥವರನ್ನು ಮೆಚ್ಚಿಸಲು ಹೊರಡುತ್ತಾರಲ್ಲ, ಅದರ ಭಯ. ನಾವು ಏನಕ್ಕೆ ಚಪ್ಪಾಳೆ ಹೊಡೆಯುತ್ತೇವೆ ಅಂತ ಅವರಿಗೆ ಗೊತ್ತಿದೆ. ಹಳೆಯ ಡೈಲಾಗ್ ಬಂದರೆ ಹೊಡೆಯುತ್ತೇವೆ. ಹಳೆಯ ಹಡಗು ಕಂಡರೆ ಹೊಡೆಯುತ್ತೇವೆ. 2023ರಲ್ಲಿ ‘ಪಿಕಾರ್ಡ್’ ಧಾರಾವಾಹಿಯ ಮೂರನೇ ಸೀಸನ್‌ನಲ್ಲಿ 1987ರ ಇಡೀ ತಂಡವನ್ನು ಒಟ್ಟಿಗೆ ತಂದರು. ಹಳೆಯ ಎಂಟರ್‌ಪ್ರೈಸ್‌ನ ನಿಯಂತ್ರಣ ಕೋಣೆಯನ್ನು ಮತ್ತೆ ಕಟ್ಟಿದರು, ಕಾರ್ಪೆಟ್ ಸಮೇತ. ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಅತ್ತೆ. ಆದರೆ ಆ ಕಥೆ ಏನಾಗಿತ್ತು ಅಂತ ಈಗ ಕೇಳಿದರೆ ಅರ್ಧ ಮರೆತಿದೆ. ಕಾರ್ಪೆಟ್ ನೆನಪಿದೆ. ಎದುರಿಗೆ ಕೂತ ಹದಿನೆಂಟು ವರ್ಷದ ಹುಡುಗಿಗೆ ಆ ಕಾರ್ಪೆಟ್‌ನಿಂದ ಏನು ಸಿಗುತ್ತದೆ?

ಹಾಗಾದರೆ ಏನು ಉಳಿಯಬೇಕು? ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ತಾಳಮದ್ದಲೆ ನೋಡಿದ್ದೀರಲ್ಲ? ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ವಾಲಿವಧೆ ಅಂದರೆ ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯೆಲ್ಲ ಕೂರುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮ, ಇದು ಯಾವ ಧರ್ಮ ಅಂತ ಇವತ್ತಿನ ವಾಲಿ ಹೇಗೆ ಕೇಳುತ್ತಾನೆ, ಇವತ್ತಿನ ರಾಮ ಏನು ಉತ್ತರ ಕೊಡುತ್ತಾನೆ ಅನ್ನುವುದಕ್ಕೆ ಬಂದಿರುತ್ತಾರೆ. ಪದ್ಯ ಹಳೆಯದು, ಅರ್ಥ ಅವತ್ತಿನದು. ಹಿಂದಿನವರ ಅರ್ಥವನ್ನೇ ಬಾಯಿಪಾಠ ಒಪ್ಪಿಸಿದರೆ ಸಭೆಯಲ್ಲಿ ಆಕಳಿಕೆ ಶುರುವಾಗುತ್ತದೆ.

ಸ್ಟಾರ್ ಟ್ರೆಕ್‌ನ ಒಳ್ಳೆಯ ಕಂತುಗಳು ಹೀಗೇ ಇರುತ್ತವೆ. ನೆಕ್ಸ್ಟ್ ಜನರೇಷನ್ ಹಡಗಿನಲ್ಲಿ ಒಂದು ಕೋಣೆ ಇದೆ. ಒಂದು ಉದ್ದನೆಯ ಮೇಜು, ಸುತ್ತ ಕುರ್ಚಿಗಳು, ಹಿಂದೆ ಕಿಟಕಿ, ಆಚೆ ನಕ್ಷತ್ರ. ಏನೇ ಗಂಡಾಂತರ ಬರಲಿ, ಅವರು ಮೊದಲು ಹೋಗಿ ಅಲ್ಲಿ ಕೂರುತ್ತಾರೆ. ನಾಯಕ ಎಲ್ಲರನ್ನೂ ಕೇಳುತ್ತಾನೆ. ಡಾಕ್ಟರ್ ಒಂದು ಹೇಳುತ್ತಾರೆ, ಎಂಜಿನಿಯರ್ ಇನ್ನೊಂದು, ಕ್ಲಿಂಗನ್ ಅನ್ನುವ ಬೇರೆ ಗ್ರಹದ ಯೋಧ ಜನಾಂಗದ ಜಗಳಗಂಟ ಮತ್ತೊಂದು. ತನಗಿಂತ ಕೆಳಗಿನವನ ಮಾತು ಸರಿ ಅನ್ನಿಸಿದರೆ ನಾಯಕ ಅದನ್ನೇ ಮಾಡುತ್ತಾನೆ. ನಮ್ಮ ಆಫೀಸುಗಳ ಮೀಟಿಂಗ್ ನೋಡಿದವರಿಗೆ ವಿಜ್ಞಾನ ಕಥೆ ಅನ್ನಿಸುವುದು ಇದೇ, ಬೆಳಕಿನ ವೇಗ ಮೀರುವುದಲ್ಲ.

1989ರ ಫೆಬ್ರುವರಿಯಲ್ಲಿ ಬಂದ ಒಂದು ಕಂತು ಇದೆ. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್. ಮುಂಚೆ ವಕೀಲೆಯಾಗಿದ್ದವರು. ಡೇಟಾ ಅನ್ನುವ ಯಂತ್ರಮಾನವ ಹಡಗಿನ ಅಧಿಕಾರಿ. ಅವನನ್ನು ಬಿಚ್ಚಿ ನೋಡಿ ಅಂಥದ್ದೇ ಸಾವಿರಾರು ಮಾಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ರಾಜೀನಾಮೆ ಕೊಡುತ್ತಾನೆ. ರಾಜೀನಾಮೆ ಕೊಡಲು ನೀನ್ಯಾರು, ನೀನು ಸಂಸ್ಥೆಯ ಆಸ್ತಿ ಅನ್ನುತ್ತಾರೆ. ವಿಚಾರಣೆ ನಡೆಯುತ್ತದೆ. ನಾಯಕ ಪಿಕಾರ್ಡ್ ಡೇಟಾ ಪರ. ಡೇಟಾನ ಗೆಳೆಯ ರೈಕರ್ ಇಷ್ಟವಿಲ್ಲದೆ ಎದುರು ವಾದ ಮಾಡಬೇಕು. ಮಾಡದಿದ್ದರೆ ಡೇಟಾ ಅಲ್ಲೇ ಸೋತ ಹಾಗೆ. ರೈಕರ್ ಎಷ್ಟು ಚೆನ್ನಾಗಿ ವಾದಿಸುತ್ತಾನೆ ಅಂದರೆ, ಡೇಟಾನ ಕೈ ಕಳಚಿ ತೋರಿಸುತ್ತಾನೆ, ಗುಂಡಿ ಒತ್ತಿ ಅವನನ್ನು ಆಫ್ ಮಾಡಿಬಿಡುತ್ತಾನೆ. ಹಾಗೆ ಮಾಡುವಾಗ ಅವನ ಮುಖ ನೋಡಬೇಕು. ಇಡೀ ಕಂತಿನಲ್ಲಿ ಒಂದು ಗುಂಡು ಹಾರುವುದಿಲ್ಲ. ಡೇಟಾಗೆ ಆತ್ಮ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಅದನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಅವನಿಗಿರಬೇಕು ಅನ್ನುವ ಅರ್ಥದಲ್ಲಿ ನ್ಯಾಯಾಧೀಶೆ ತೀರ್ಪು ಕೊಡುತ್ತಾಳೆ. ಯಂತ್ರಗಳ ಜೊತೆ ದಿನಾ ಮಾತಾಡುತ್ತಿರುವ ನಾವು ಇವತ್ತು ಇದನ್ನು ನೋಡಿದರೆ, ಇದು ಮೂವತ್ತೈದು ವರ್ಷಕ್ಕೂ ಹಳೆಯದು ಅಂತ ನಂಬುವುದು ಕಷ್ಟ.

ನನಗೆ ಬೇಕಾದದ್ದು ಆ ಮೇಜು. ಕರ್ಕ್ ಇರದಿದ್ದರೂ ಸರಿ, ಎಂಟರ್‌ಪ್ರೈಸ್ ಇರದಿದ್ದರೂ ಸರಿ. 2025ರ ಜನವರಿಯಲ್ಲಿ ಒಂದು ಓಟಿಟಿ ಸಿನಿಮಾ ಬಂತು, ಸ್ಟಾರ್ ಟ್ರೆಕ್ ಲೋಕದ ಗುಪ್ತಚರ ಸಂಸ್ಥೆಯ ಬಗ್ಗೆ. ಹೆಸರು ಇತ್ತು, ಲಾಂಛನ ಇತ್ತು, ಮಿಶೆಲ್ ಯೋ ಅಂಥ ದೊಡ್ಡ ನಟಿ ಇದ್ದರು. ಮೇಜು ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಮಾತಾಡಲು ಇಷ್ಟವಿಲ್ಲ.

ಎರಡನೇ ಭಯ ದುಡ್ಡಿನದು, ಸಮಯದ್ದು. ಇದನ್ನು ಅಭಿಮಾನಿಗಳು ಅಷ್ಟಾಗಿ ಮಾತಾಡುವುದಿಲ್ಲ, ಆದರೆ ನನ್ನ ಪ್ರಕಾರ ಇದೇ ದೊಡ್ಡದು. ನೆಕ್ಸ್ಟ್ ಜನರೇಷನ್‌ನ ಮೊದಲ ಸೀಸನ್ ಯಾರಾದರೂ ಈಚೆಗೆ ನೋಡಿದ್ದೀರಾ? ದಯವಿಟ್ಟು ಬೇಡ. ಕೆಲವು ಕಂತುಗಳು ಎಷ್ಟು ಕೆಟ್ಟದಾಗಿವೆ ಅಂದರೆ ನಟಿಸಿದವರೇ ಬೈದಿದ್ದಾರೆ. ಎರಡನೇ ಸೀಸನ್ ಕೂಡ ಏಳುತ್ತಾ ಬೀಳುತ್ತಾ ನಡೆಯಿತು. ಮೂರನೆಯದರಲ್ಲಿ ಮೈಕಲ್ ಪಿಲ್ಲರ್ ಅನ್ನುವವರು ಬರವಣಿಗೆಯ ಹೊಣೆ ಹೊತ್ತರು. ಯಾರು ಬೇಕಾದರೂ ಕಥೆ ಕಳಿಸಿ ಅಂತ ಬಾಗಿಲು ತೆರೆದರು. ರೊನಾಲ್ಡ್ ಮೂರ್ ಅನ್ನುವ ಹುಡುಗ, ಪಕ್ಕಾ ಅಭಿಮಾನಿ, ಸೆಟ್ ನೋಡಲು ಹೋದವನು ತಾನು ಬರೆದ ಕಥೆಯನ್ನು ಅಲ್ಲಿಯವರ ಕೈಗೆ ಕೊಟ್ಟು ಬಂದಿದ್ದ. ಅದು 1989ರಲ್ಲಿ ಕಂತಾಗಿ ಬಂತು. ಅವನು ಅಲ್ಲೇ ಬರಹಗಾರನಾದ. ಒಂದು ಸೀಸನ್‌ಗೆ 26 ಕಂತು ಇದ್ದ ಕಾಲ ಅದು. ಮೂರು ಕೆಟ್ಟವು, ಎರಡು ಸಾಧಾರಣ, ಮಧ್ಯೆ ಒಂದು ಅದ್ಭುತ. ಹಾಗೆ ಕಲಿತರು.

ಈಗ ಒಂದು ಸೀಸನ್‌ಗೆ ಹತ್ತು ಕಂತು. ಮುಂದಿನ ಸೀಸನ್‌ಗೆ ಒಂದೆರಡು ವರ್ಷ ಕಾಯಬೇಕು. ಮೊದಲ ಎರಡು ಸೀಸನ್ ಆ ರೀತಿ ಇದ್ದಿದ್ದರೆ ಇವತ್ತಿನ ಯಾವ ಓಟಿಟಿ ಕಂಪನಿ ಮೂರನೆಯದಕ್ಕೆ ದುಡ್ಡು ಕೊಡುತ್ತಿತ್ತು? ಕೆಟ್ಟದಾಗಿರಲು ಅವಕಾಶ ಇಲ್ಲದ ಕಡೆ ಯಾರೂ ಹೊಸದನ್ನು ಪ್ರಯತ್ನಿಸುವುದಿಲ್ಲ. ಆಗಲೇ ಗೆದ್ದಿರುವುದನ್ನು ಮತ್ತೆ ಬಿಸಿ ಮಾಡಿ ಬಡಿಸುತ್ತಾರೆ. ಖಾನ್ ಪದೇ ಪದೇ ವಾಪಸ್ ಬರುವುದು ಇದರಿಂದಲೇ.

ರೊನಾಲ್ಡ್ ಮೂರ್ ಹೆಸರು ಬಂದಿದ್ದರಿಂದ ಇನ್ನೊಂದು ಕಥೆ ಹೇಳಲೇಬೇಕು. ಅವರೇ 2003ರಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಅನ್ನುವ ಇನ್ನೊಂದು ಬಾಹ್ಯಾಕಾಶ ಧಾರಾವಾಹಿಯನ್ನು ರೀಬೂಟ್ ಮಾಡಿದರು. 1978ರ ಮೂಲ ಧಾರಾವಾಹಿಯಲ್ಲಿ ನಾಯಕರಲ್ಲಿ ಒಬ್ಬರಾಗಿದ್ದವರು ರಿಚರ್ಡ್ ಹ್ಯಾಚ್. ಹಳೆಯ ಕಥೆಯೇ ಮುಂದುವರಿಯಬೇಕು ಅಂತ ಅವರು ವರ್ಷಗಟ್ಟಲೆ ಹೋರಾಡಿದ್ದರು. ಸ್ವಂತ ದುಡ್ಡು ಹಾಕಿ ಒಂದು ಟ್ರೇಲರ್ ಕೂಡ ಮಾಡಿದ್ದರು. ಅವರನ್ನು ಬಿಟ್ಟು ಸ್ಟುಡಿಯೋ ರೀಬೂಟ್‌ಗೆ ಹೋಯಿತು. ಅವರಿಗೆ ಎಷ್ಟು ನೋವಾಗಿರಬೇಡ? ಎಲ್ಲರ ಎದುರೇ ವಿರೋಧಿಸಿದರು. ಗಂಡು ಪೈಲಟ್ ಸ್ಟಾರ್‌ಬಕ್ ಪಾತ್ರವನ್ನು ಹೆಣ್ಣು ಮಾಡಿದ್ದಕ್ಕೆ ಅಭಿಮಾನಿಗಳ ಗಲಾಟೆ ಬೇರೆ. ಮೂರ್ ಏನು ಮಾಡಿದರು ಗೊತ್ತಾ? ಹ್ಯಾಚ್ ಅವರನ್ನು ಕರೆದು ಹೊಸ ಸರಣಿಯಲ್ಲಿ ಪಾತ್ರ ಕೊಟ್ಟರು. ಸುಮ್ನೆ ಬಂದು ಕೈ ಬೀಸಿ ಹೋಗುವ ಗೌರವ ಪಾತ್ರ ಅಲ್ಲ. ಸರ್ಕಾರವನ್ನು ಪ್ರಶ್ನಿಸುವ, ಜೈಲಿನಲ್ಲಿದ್ದು ಬಂದ ಬಂಡಾಯಗಾರನ ಪಾತ್ರ. ಹ್ಯಾಚ್ ಒಪ್ಪಿದರು. ತುಂಬಾ ಚೆನ್ನಾಗಿಯೂ ಮಾಡಿದರು. ಹಳಬರನ್ನು ರೀಬೂಟ್ ಒಳಗೆ ಕರೆಯುವುದಾದರೆ ಹೀಗೆ ಕರೆಯಬೇಕು. ನೆನಪಿನ ಬೊಂಬೆಯಾಗಿ ಕೂರಿಸದೆ, ಎದುರು ನಿಲ್ಲಿಸಿ ಮಾತಾಡಿಸಬೇಕು.

ಭಯವನ್ನೇ ಹೇಳುತ್ತಿದ್ದೇನೆ, ಆಸೆಯನ್ನೂ ಹೇಳುತ್ತೇನೆ. ನಂಬರ್ ಒನ್ ನೆನಪಿದೆಯಲ್ಲ, 1965ರಲ್ಲಿ ಕೈಬಿಟ್ಟ ಹೆಂಗಸು? 2022ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಅನ್ನುವ ಧಾರಾವಾಹಿ ಶುರುವಾಯಿತು. ಪೈಕ್ ನಾಯಕ, ಸ್ಪಾಕ್ ಇದ್ದಾನೆ, ನಂಬರ್ ಒನ್ ಕೂಡ ಇದ್ದಾಳೆ, ಈಗ ಊನಾ ಅನ್ನುವ ಹೆಸರಿನಲ್ಲಿ. 2023ರಲ್ಲಿ ಎರಡನೇ ಸೀಸನ್‌ನ ಎರಡನೇ ಕಂತು ಪೂರ್ತಿ ಅವಳ ವಿಚಾರಣೆ. ಅಪರಾಧ ಏನು? ಅವಳ ಜನಾಂಗದವರು ವಂಶವಾಹಿ ತಿದ್ದಿಕೊಂಡವರು. ಒಕ್ಕೂಟದಲ್ಲಿ ಅದಕ್ಕೆ ನಿಷೇಧ ಇದೆ. ಅದನ್ನು ಮುಚ್ಚಿಟ್ಟು ನೌಕರಿ ಮಾಡಿದಳು ಅನ್ನುವುದು ಆರೋಪ. ನಿಷೇಧ ಯಾಕಿದೆ? ಖಾನ್‌ನಿಂದ! ಶತಮಾನಗಳ ಹಿಂದೆ ಒಬ್ಬ ಮಾಡಿದ ಅನಾಹುತಕ್ಕೆ ಹೆದರಿ ಮಾಡಿದ ಕಾನೂನು ಈಗ ಏನೂ ಮಾಡದವರ ಕುತ್ತಿಗೆಗೆ ಬಂದಿದೆ. ಅದೇ ಹಡಗಿನಲ್ಲಿ ಖಾನ್ ವಂಶದ ಹುಡುಗಿಯೊಬ್ಬಳು ಅಧಿಕಾರಿಯಾಗಿದ್ದಾಳೆ. ಆ ಹೆಸರು ಹೊತ್ತು ಬದುಕುವುದು ಏನು ಅಂತ ಅವಳಿಗೆ ಗೊತ್ತು. ಊನಾ ಪರ ವಾದಿಸಲು ಬಂದ ವಕೀಲೆ ಒಕ್ಕೂಟದ ಆದರ್ಶಗಳನ್ನೇ ಅದರ ಮುಖಕ್ಕೆ ಹಿಡಿಯುತ್ತಾಳೆ. ಕೊನೆಗೆ ಆಶ್ರಯ ಕೇಳಿ ಬಂದವರನ್ನು ಕಾಪಾಡಬೇಕು ಅನ್ನುವ ಅವರದ್ದೇ ನಿಯಮದಿಂದ ಅವಳನ್ನು ಬಿಡಿಸುತ್ತಾಳೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 2013ರ ಸಿನಿಮಾ ಖಾನ್‌ನ ಹೆಸರು ಎತ್ತಿಕೊಂಡು ಅವನ ಹೆಸರನ್ನೇ ಕೂಗಿತು. 2023ರ ಕಂತಿನಲ್ಲಿ ಖಾನ್ ಇಲ್ಲವೇ ಇಲ್ಲ, ಆದರೆ ಅವನು ಮಾಡಿದ್ದರ ಫಲ ಪ್ರತಿ ವಾದದಲ್ಲೂ ಇದೆ. ಹಳೆಯ ಪದ್ಯ, ಹೊಸ ಅರ್ಥ. ಅದನ್ನು ಹೊತ್ತವಳು ಚಾನೆಲ್‌ನವರು ಬೇಡ ಅಂದಿದ್ದ ಹೆಂಗಸು. 1989ರ ಕಂತಿಗೆ ಸಮನಾಗಿ ನಿಲ್ಲುತ್ತದೆ ಅಂತ ನಾನು ಹೇಳಿದರೆ ನನ್ನ ಗೆಳೆಯರು ಜಗಳಕ್ಕೆ ಬರುತ್ತಾರೆ. ಬರಲಿ.

ಮುಂದಿನ ರೀಬೂಟ್ ಮಾಡುವವರಿಗೆ ನನ್ನ ಬೇಡಿಕೆ ಇಷ್ಟೇ. ಹೊಸ ಹಡಗು ಮಾಡಿ, ಹೊಸ ಹೆಸರು ಇಡಿ. ಅದರೊಳಗೆ ಕಥೆಗೊಂದು ನಿಜವಾದ ಪ್ರಶ್ನೆ ಇಡಿ, ಎರಡೂ ಕಡೆಯವರಿಗೆ ಬುದ್ಧಿ ಕೊಡಿ. ಸಾಧ್ಯವಾದರೆ ಇಪ್ಪತ್ತು ಕಂತು ಮಾಡಿ, ಅದರಲ್ಲಿ ಐದು ಕೆಟ್ಟರೂ ನಾನು ಬೈದುಕೊಂಡು ನೋಡುತ್ತೇನೆ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ‘ಸರ್, ಅಭಿಮಾನಿಗಳ ಮಾತು ಕೇಳಲೇಬಾರದಾ ಹಾಗಾದರೆ?’ ಅಂತ ಒಬ್ಬರು ಕೇಳಿದರು. ಕೇಳಬೇಕು, ಆದರೆ ಮೂರ್ ಅವರ ಹಾಗೆ ಕಥೆ ಬರೆದು ತರುವ ಅಭಿಮಾನಿಯದನ್ನು ಕೇಳಬೇಕು ಅಂದೆ. ಪಟ್ಟಿ ಹಿಡಿದು ಬರುವವನದ್ದಲ್ಲ.

‘ಮಕ್ಕಳಿಗೆ ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?’ ಅಂತ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಮೊದಲು 2009ರ ಸಿನಿಮಾ ತೋರಿಸಿ, ಓಟಕ್ಕೆ, ಹೊಡೆದಾಟಕ್ಕೆ ಮಕ್ಕಳು ಕೂರುತ್ತಾರೆ. ಆಮೇಲೆ ಡೇಟಾ ವಿಚಾರಣೆಯ ಆ ಒಂದು ಕಂತು. ಅದು ಹಿಡಿಸಿದರೆ ನೆಕ್ಸ್ಟ್ ಜನರೇಷನ್‌ನ ಮೂರನೇ ಸೀಸನ್‌ನಿಂದ ನೋಡುತ್ತಾ ಹೋಗಲಿ. ಮೊದಲ ಸೀಸನ್ ಕೊನೆಗೆ ಇಟ್ಟುಕೊಳ್ಳಿ ಅಂದೆ. ಅಷ್ಟು ಹೊತ್ತಿಗೆ ಅಭಿಮಾನಿಗಳಾಗಿರುತ್ತಾರೆ, ತಡೆದುಕೊಳ್ಳುತ್ತಾರೆ.